ಮೊಹಾಪಿಯ ಬಿಯರ್ ಹಂಡೆ

ನಮ್ಮೂರಿನ ಮೊಹಾಪಿ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಇಪ್ಪತ್ತೇಳು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ. ನೀರು ಜಿನುಗುವ ಸುರಂಗಗಳಲ್ಲಿ ಅವನು ಎಳೆದ ತಂತಿಯಿಂದ ಒಬ್ಬನಿಗೂ ಶಾಕ್ ಹೊಡೆದಿರಲಿಲ್ಲ. ಅವನ ಹೆಂಡತಿ ಪುಸೆಲೆತ್ಸೊ ಊರಲ್ಲೇ ಇದ್ದು ಜೋಳದ ಬಿಯರ್ ಮಾಡಿ ಮಾರುತ್ತಿದ್ದಳು. ಊರಿಗೆ ಕರೆಂಟ್ ಬಂದ ವರ್ಷ, ಸಗಣಿ ಒಲೆಯ ಹೊಗೆ ಸಾಕಾಗಿ, ಬಸ್ ನಿಲ್ದಾಣದ ಹತ್ತಿರ ನೀರು ಕಾಯಿಸುವ ಕಾಯಿಲೊಂದನ್ನು ಕೊಂಡು ತಂದಳು. ಅದನ್ನು ತಗಡಿನ ಡ್ರಮ್ಮಿಗೆ ಇಳಿಬಿಟ್ಟು, ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡಿದಳು. ಅಷ್ಟೇ.

ಅವಳನ್ನು ಮಣ್ಣು ಮಾಡಲು ಬಂದ ಮೊಹಾಪಿ ಮತ್ತೆ ಗಣಿಗೆ ಹೋಗಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ವರ್ಷಕ್ಕೊಂದು ತಿಂಗಳ ರಜೆಯಲ್ಲಷ್ಟೇ ಆ ಮನೆಯಲ್ಲಿ ಇದ್ದವನಿಗೆ ಉಪ್ಪು ಯಾವ ಡಬ್ಬಿಯಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಒಂದು ದಿನ ಹುಡುಕಾಡುವಾಗ, ಅವಳು ಮೊಳಕೆ ಬರಿಸಿ ಒಣಗಿಸಿಟ್ಟಿದ್ದ ಜೋಳದ ಚೀಲ ಸಿಕ್ಕಿತು. ಬಿಚ್ಚಿ ಮೂಸಿದ. ಮರುದಿನ ಮಾಫೆತೆಂಗ್ ಪೇಟೆಗೆ ಹೋಗಿ ಸಾಮಾನು ತಂದ.

ಹದಿನೈದು ದಿನ ಕೆಲಸ ನಡೆಯಿತು. ದಪ್ಪ ಸ್ಟೀಲ್ ಹಂಡೆಯ ಬುಡದ ಬಳಿ ತೂತು ಕೊರೆದು, ರಬ್ಬರ್ ವಾಷರ್ ಇಟ್ಟು ಹೀಟರ್ ಕೂರಿಸಿದ. ಹಂಡೆಯ ಮೈಗೆ ಅರ್ಥಿಂಗ್ ತಂತಿ ಬಿಗಿದು, ಅಂಗಳದಲ್ಲಿ ಆಳಕ್ಕೆ ಹೊಡೆದ ತಾಮ್ರದ ಸರಳಿಗೆ ಸೇರಿಸಿದ. ಕರೆಂಟ್ ಒಂದಿಷ್ಟು ಸೋರಿದರೂ ತಾನಾಗಿ ಬಿದ್ದುಹೋಗುವ ಸ್ವಿಚ್ಚನ್ನು ಗೋಡೆಯ ಮೇಲೆ, ನೀರು ಸಿಡಿಯದಷ್ಟು ದೂರದಲ್ಲಿ ಕೂರಿಸಿದ. ನೀರು ಹೀಟರಿಗಿಂತ ಕೆಳಗಿಳಿದರೆ ಕರೆಂಟ್ ನಿಲ್ಲಲೆಂದು ನೀರಿನ ಮೇಲೆ ತೇಲುವ ಒಂದು ಬುರುಡೆಯನ್ನೂ ಹಾಕಿದ.

ಆಮೇಲೆ ಬಿಯರ್ ಮಾಡಿ, ಬಿಯರ್ ಸಿದ್ಧ ಎಂಬ ಗುರುತಿಗೆ ಬಾಗಿಲಲ್ಲಿ ಬಿಳಿ ಬಾವುಟ ಏರಿಸಿದ. ಬಾವುಟ ಕಂಡರೆ ಜನ ಬರುತ್ತಾರೆ. ಆ ಮನೆಗೆ ಯಾರೂ ಬರಲಿಲ್ಲ.

ಎರಡನೆಯ ದಿನ ಮಾಲಿನೆಯೊ ಬಂದಳು. ಪುಸೆಲೆತ್ಸೊಳ ಜೊತೆ ಇಪ್ಪತ್ತು ವರ್ಷ ಬಿಯರ್ ಕಾಯಿಸಿದವಳು. ಹೊಸಿಲು ದಾಟಲಿಲ್ಲ. ಗಂಡಸರನ್ನು ಗೌರವದಿಂದ ಕರೆಯುವ 'ಎನ್ತಾತೆ' ಎಂಬ ಮಾತಿನಿಂದಲೇ ಶುರು ಮಾಡಿದಳು.

"ಎನ್ತಾತೆ ಮೊಹಾಪಿ, ಬಾವುಟ ಏನೋ ಜೋರಾಗಿದೆ. ಕುಡಿಯೋರು ಯಾರು, ಕಾಗೆಗಳಾ?"

"ನೀವು ಬಂದಿರಲ್ಲ."

"ಕುಡಿಯೋಕೆ ಬರ್ಲಿಲ್ಲ ನಾನು. ಆ ಹಂಡೆ ಕಿತ್ತು ಬಿಸಾಕಿ ಅಂತ ಹೇಳೋಕೆ ಬಂದೆ. ಕರೆಂಟು ಒಬ್ಬಳನ್ನ ನುಂಗಿದ್ದು ಸಾಲ್ದಾ?"

ಮೊಹಾಪಿ ಹಂಡೆಗೆ ನೀರು ತುಂಬಿಸಿ ಸ್ವಿಚ್ ಹಾಕಿದ. ಒಂದು ಬಲ್ಬಿನ ಎರಡು ತಂತಿಗಳಲ್ಲಿ ಒಂದನ್ನು ಕರೆಂಟಿಗೆ ಕೊಟ್ಟು, ರಬ್ಬರ್ ಕೈಗವಸು ಹಾಕಿಕೊಂಡು ಇನ್ನೊಂದನ್ನು ಹಂಡೆಗೆ ತಾಗಿಸಿದ. ಟಪ್. ಬಲ್ಬು ಮಿಣುಕುವ ಮೊದಲೇ ಗೋಡೆಯ ಸ್ವಿಚ್ ಬಿದ್ದಿತ್ತು.

"ಮೈಯೊಳಗೆ ಕರೆಂಟ್ ಹರಿಯೋದೂ ಹೀಗೇ ಸೋರಿಕೊಂಡು. ಇದು ಹರಿಯೋಕೆ ಬಿಡಲ್ಲ" ಎಂದ.

ಮಾಲಿನೆಯೊ ಸ್ವಿಚ್ಚನ್ನೇ ನೋಡುತ್ತ ನಿಂತಳು. "ಇಷ್ಟೇನಾ? ಇದನ್ನ ಅವಳಿಗೆ ಮಾಡಿಕೊಡೋಕೆ ಆಗ್ಲಿಲ್ವಾ ನಿಮಗೆ?"

"ಕರೆಂಟ್ ಬಂತು ಅಂತ ಫೋನಲ್ಲಿ ಹೇಳಿದ್ಲು. ಕಾಯಿಲ್ ವಿಷಯ ಹೇಳ್ಲಿಲ್ಲ."

"ಹೇಳಿದ್ರೆ ಬರ್ತಿದ್ರಾ?"

ಮೊಹಾಪಿ ಕೈಗವಸು ಬಿಚ್ಚಿದ. ಅದನ್ನು ಮಡಿಸಿದ, ಮತ್ತೆ ಬಿಡಿಸಿದ.

ಅವಳು ಒಳಗೆ ಬಂದು, ಮಗ್ಗಿನಲ್ಲಿ ಬಿಯರ್ ತೆಗೆದುಕೊಂಡು ಒಂದು ಗುಟುಕು ಕುಡಿದಳು. "ನೀರು ನೀರಾಗಿದೆ. ಹಿಟ್ಟು ಎರಡು ದಿನ ಹುಳಿ ಬರ್ಬೇಕು. ಅವಸರ ಮಾಡಿದೀರಿ." ಮಗ್ಗು ಖಾಲಿ ಮಾಡಿ, ಬೇರೆ ಕಡೆ ನೋಡುತ್ತ ಹೇಳಿದಳು: "ನನ್ನ ಮನೇಲೂ ಅಂಥದ್ದೇ ಕಾಯಿಲ್ ಇದೆ. ಇಬ್ಬರೂ ಒಟ್ಟಿಗೇ ತಗೊಂಡಿದ್ವಿ."

ಮರುದಿನ ಬೆಳಿಗ್ಗೆಯೇ ಮೊಹಾಪಿ ಅವಳ ಮನೆಗೆ ಹೋಗಿ ಆ ಕಾಯಿಲನ್ನು ಇಕ್ಕಳದಿಂದ ತುಂಡು ತುಂಡು ಮಾಡಿದ. ಚಳಿಗಾಲ ಮುಗಿಯುವಷ್ಟರಲ್ಲಿ ಬಿಯರ್ ಮಾಡುವ ಐದು ಮನೆಗಳಿಗೆ ಅವನ ಹಂಡೆ ಬಂದಿತು. ಕೆಲಸ ಮುಗಿದ ಮೇಲೆ ಹೆಂಗಸರು ಕೂರಿಸಿ ಬಿಯರ್ ಕೊಟ್ಟರೆ, ಪುಸೆಲೆತ್ಸೊ ಹೇಗಿದ್ದಳು ಎಂದು ಕೇಳುತ್ತಿದ್ದ. ಫೋನಿನಲ್ಲಿ ಅವನು ಹೇಳಿದ್ದನ್ನೆಲ್ಲ ಅವಳು ಅವನದೇ ಗೊಗ್ಗರು ದನಿಯಲ್ಲಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳಂತೆ. ಅವಳಿಗೆ ಅಣಕಿಸಲು ಬರುತ್ತಿತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಈಗ ಅವನ ಬಿಯರ್ ಪರವಾಗಿಲ್ಲ. ಶನಿವಾರ ಅಂಗಳದಲ್ಲಿ ಏಳೆಂಟು ಮಂದಿ ಕೂರುತ್ತಾರೆ, ಬಿಸಿಲು ಇಳಿಯುವಾಗ ಏಳುತ್ತಾರೆ. ಅವರು ಹೋದ ಮೇಲೆ ಮೊಹಾಪಿ ಹಂಡೆ ತೊಳೆಯುತ್ತಾನೆ. ಮನೆಯೊಳಗೆ ಮಾತಾಡಿಸುವವರು ಯಾರೂ ಇಲ್ಲದ್ದರಿಂದ ಆ ಕೆಲಸವನ್ನು ಬೇಕೆಂದೇ ಬಹಳ ಹೊತ್ತು ಎಳೆಯುತ್ತಾನೆ.