ಬೇರೆ ಹಸಿರು

ಹಂಡೆಯ ನೀರು ಕಾದಿತ್ತು. ತೋಡಿಕೊಳ್ಳಲು ಬಕೀಟು ಸಾಲದೆ ಅನುಸೂಯ ಹಿತ್ತಲ ಮೂಲೆಯಲ್ಲಿದ್ದ ನೀಲಿ ಬಕೀಟನ್ನು ಎಳೆದು ಬೋರಲು ಹಾಕಿದಳು. ನೀರಿನ ಜೊತೆ ಒಂದು ಬಿಳಿ ಅಂಗಿಯೂ ಹೊರಗೆ ಬಿತ್ತು. ಮಗಳು ಮೌನಿಕಾಳ ಶನಿವಾರದ ಯೂನಿಫಾರಂ. ಬೆನ್ನಿನಿಂದ ಹಿಡಿದು ಅಂಚಿನವರೆಗೆ ಹಸಿರೋ ಹಸಿರು.

ಒಳಗೆ ನಡುಮನೆಯಲ್ಲಿ ಅತ್ತೆ ನಿಂಗಕ್ಕನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡು ಹೋದ ಜೀವ. ಹರಿಯಬ್ಬೆಯ ಅರ್ಧ ಊರು ಅಂಗಳದಲ್ಲಿ ನೆರೆದಿತ್ತು, ತಮಟೆಯವರು ಬೀದಿಯಲ್ಲಿ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಒಂದು ಅಂಗಿಯ ಕಲೆ ಕಂಡು ಸಿಟ್ಟು ಬರಬಾರದು. ಆದರೆ ಸಿಟ್ಟಿಗೆ ಯಾವ ಸೂತಕ, ಅದು ಬಂದೇ ಬಂತು.

"ಲೇ ಮೌನಿ, ಬಾ ಇಲ್ಲಿ. ಏನಿದು?"

ಏಳು ವರ್ಷದ ಮೌನಿಕಾ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು. ಅಂಗಿ ನೋಡಿದಳು, ಅಮ್ಮನ ಕೈ ನೋಡಿದಳು.

"ಮನೇಲಿ ಹೆಣ ಐತೆ ಅಂತ ಸುಮ್ನಿದೀನಿ. ಎಲ್ಲ ಮುಗೀಲಿ, ಆಮೇಲೆ ಐತೆ ನಿನಗೆ."

"ಬಿಡ್ರಿ ಅನುಸೂಯಮ್ಮ, ಇವತ್ತೊಂದಿನ," ಎಂದಳು ಪಕ್ಕದ ಮನೆಯ ಯಶೋದಾ. ಆಮೇಲೆ ತನ್ನ ಮಗನ ಕಡೆ ತಿರುಗಿ, "ಶಿವು, ಹೆಣಕ್ಕೆ ನೀರು ಹಾಕೋವಾಗ ಹುಡುಗ್ರು ಇರಬಾರದು. ಇವಳ್ನೂ ಕರ್ಕಂಡು ಹೋಗು, ಆಡ್ಕಳ್ರಿ ಎಲ್ಲಾದ್ರೂ," ಎಂದಳು.

ಅನುಸೂಯ ಅಂಗಿಯನ್ನು ಒಗೆಯುವ ಕಲ್ಲಿನ ಮೇಲೆ ಎಸೆದು, ಬಕೀಟು ತುಂಬಿಕೊಂಡು ಒಳಗೆ ಹೋದಳು.

*

ನಿಂಗಕ್ಕನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹದಿನೇಳಕ್ಕೆ ಮಾಡದಕೆರೆಯಿಂದ ಮದುವೆಯಾಗಿ ಬಂದಳು, ಗಂಡ ಕಾಟಪ್ಪನ ಜೊತೆ ತೆಂಗಿನ ತೋಟ ಮಾಡಿದಳು, ಒಬ್ಬ ಮಗನನ್ನು ಸಾಕಿದಳು. ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ, ಬಟ್ಟೆಯ ಕಲೆ ತೆಗೆಯುವುದು. ಅದನ್ನೂ ಒಮ್ಮೆ ಸೋತೇ ಕಲಿತದ್ದು. ಮಗ ಮೋಹನ್‌ಕುಮಾರ್ ಮೂರನೇ ಕ್ಲಾಸಿನಲ್ಲಿದ್ದಾಗ, ಇದ್ದ ಒಂದೇ ಬಿಳಿ ಅಂಗಿಗೆ ಹುಲ್ಲಿನ ಹಸಿರು ಹತ್ತಿಸಿಕೊಂಡು ಬಂದ. ಕೊಳೆ ತಾನೇ ಅಂತ ಈಕೆ ಕುದಿಯುವ ನೀರು ಸುರಿದು, ಸೋಡಾ ಹಾಕಿ ತಿಕ್ಕಿದಳು. ಹೋಗುವುದಿರಲಿ, ಹಸಿರು ಬಟ್ಟೆಯಲ್ಲಿ ಬೇರು ಬಿಟ್ಟು ಕೂತಿತು. ಆ ವರ್ಷವೆಲ್ಲ ಹುಡುಗ ಪ್ರಾರ್ಥನೆಗೆ ಕೊನೆಯ ಸಾಲಿನಲ್ಲಿ ನಿಂತ.

"ಹುಲ್ಲಿಗೆ ಬಿಸಿ ತೋರಿಸಬಾರದು, ಹೆದರ್ಕಂಡು ಅಲ್ಲೇ ಅವಿತು ಕುಂತ್ಕಂತೈತೆ," ಅನ್ನುತ್ತಿದ್ದಳು ಆಮೇಲೆ. ತಣ್ಣೀರು, ಅರ್ಧ ಹೋಳು ನಿಂಬೆಹಣ್ಣು, ಉಪ್ಪು, ಎಳೆಬಿಸಿಲು. ಒಂದು ಸಲಕ್ಕೆ ಹೋಗದಿದ್ದರೆ ಎರಡು ಸಲ, ಮೂರು ಸಲ.

ಅನುಸೂಯಳ ದಾರಿಯೇ ಬೇರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವವಳು. ದಿನಾ ಬಸ್ಸು ಹಿಡಿದು ಹಿರಿಯೂರಿನ ಗಾರ್ಮೆಂಟ್ಸಿಗೆ ಹೋಗಿ ಕತ್ತಲಾಗುವಾಗ ಬರುವ ಹೆಂಗಸಿಗೆ ಬಟ್ಟೆ ಒಗೆಯಲು ಇರುವುದು ಭಾನುವಾರ ಒಂದೇ. ಜೂನ್ ತಿಂಗಳಲ್ಲಿ ಹೊಸ ಯೂನಿಫಾರಂ ಹಸಿರಾಗಿ ಬಂದಾಗ ಅವಳು ಹುಣಸೆ ಬರಲು ಮುರಿದು ಮಗಳ ಮೀನಖಂಡಕ್ಕೆ ಬಾಸುಂಡೆ ಬರುವಂತೆ ಬಿಗಿದಿದ್ದಳು. ಅಲ್ಲಿಂದಾಚೆಗೆ ಒಂದು ಕಲೆಯೂ ಕಾಣಲಿಲ್ಲ. "ನಾಲ್ಕು ಬಿಟ್ಟೆ ನೋಡ್ರಿ, ಬುದ್ಧಿ ಬಂತು," ಅಂತ ಗಾರ್ಮೆಂಟ್ಸಿನಲ್ಲಿ ಜೊತೆಯವರಿಗೆಲ್ಲ ಹೇಳಿಕೊಂಡಿದ್ದಳು. ಮನೆಯಲ್ಲಿ ಹೇಳಿದಾಗ ಅತ್ತೆ ಕೇಳಿಯೂ ಕೇಳದವಳ ಹಾಗೆ ಅವರೆಕಾಯಿ ಬಿಡಿಸುತ್ತಿದ್ದಳು.

*

"ಮುತ್ತೈದೆ ಸಾವು, ಪುಣ್ಯವಂತೆ," ಎಂದರು ನೀರು ಹಾಕುತ್ತಿದ್ದ ಹೆಂಗಸರು. ಕಾಟಪ್ಪ ಹೊರಗೆ ಜಗಲಿಯ ಮೇಲೆ ಯಾರ ಮುಖವನ್ನೂ ನೋಡದೆ ಕೂತಿದ್ದ.

ನಿಂಗಕ್ಕನ ತಂಗಿ ಈರಕ್ಕ ಮೂರು ದಿನದ ಹಿಂದೆ ಅಕ್ಕನನ್ನು ನೋಡಿ ಹೋಗಲೆಂದು ಬಂದಿದ್ದಳು, ಅಕ್ಕನ ಸಾವನ್ನೇ ನೋಡುವಂತಾಯಿತು. ಅವಳು ಹೆಣದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ತೊಳೆಯುತ್ತಿದ್ದಳು. ಬೆರಳ ತುದಿಗಳೆಲ್ಲ ಬೆಳ್ಳಗೆ ಬಿರಿದಿದ್ದವು.

"ನಿಂಬೆಹುಳಿ ತಿಂದುಹಾಕೈತೆ ನೋಡ್ರಿ," ಎಂದಳು.

"ನಮ್ಮ ಶಿವು ಬೆಳಗ್ಗಿಂದ ಒಂದೇ ಸಮ ಅಳ್ತಾನೆ," ಎಂದಳು ಯಶೋದಾ. "ಅವರಜ್ಜಿ ಹೋದಾಗ್ಲೂ ಹಿಂಗೆ ಅತ್ತಿರಲಿಲ್ಲ."

"ಅಳದೆ ಏನ್ಮಾಡ್ತಾವೆ? ಒಗೆಯೋಳು ಹೋದ್ಲು," ಎಂದಳು ಈರಕ್ಕ.

"ಏನ್ ಒಗೆಯೋಳು?"

ಈರಕ್ಕ ತಲೆ ಎತ್ತಲಿಲ್ಲ. "ಇನ್ನು ಮುಚ್ಚಿಟ್ಟು ಏನಾಗ್ಬೇಕು. ನಿಮ್ಮ ಹುಡುಗ್ರು ಕಲೆ ಮಾಡ್ಕಳೋದು ನಿಂತೇ ಇರಲಿಲ್ಲ ಕಣ್ರವ್ವ. ಆದಾಗೆಲ್ಲ ಅಕ್ಕನ ಹತ್ರ ಬರ್ತಿದ್ವು. ಒಗೆದು, ಒಣಗ್ಸಿ, ಚೊಂಬಿಗೆ ಕೆಂಡ ಹಾಕಿ ಇಸ್ತ್ರಿ ಒತ್ತಿ ಕೊಡ್ತಿದ್ಲು. ನಿಮ್ಮ ಏಟು ತಪ್ಪಲಿ ಅಂತ."

ಚೊಂಬು ಹಿಡಿದಿದ್ದ ಅನುಸೂಯಳ ಕೈ ಅಲ್ಲೇ ನಿಂತಿತು. ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಎದುರಿಗೆ ಕಣ್ಣು ಮುಚ್ಚಿ ಕೂತವಳ ಮೇಲೆ ಹೊಟ್ಟೆ ಉರಿಯಿತು. ನನ್ನ ಮಗಳು ನನಗೆ ಹೇಳದ್ದನ್ನು ಇವಳಿಗೆ ಹೇಳುತ್ತಿದ್ದಳಲ್ಲ ಅಂತ.

"ಎಲ್ಲಿ ಮಾಡ್ಕಂತಿದ್ವು ಚಿಕ್ಕತ್ತೆ, ಕಲೇನ?"

"ನಿಮ್ಮ ತೋಟದ ಹೊಂಡದ ಏರಿ ಐತಲ್ಲ, ಅಲ್ಲಿ. ಹುಲ್ಲು ಹುಲುಸಾಗಿ ಬೆಳೆದೈತೆ. ತೆಂಗಿನ ಮಟ್ಟೆ ಮೇಲೆ ಕುಂತು ಜಾರ್ತಾವೆ. ಹೊರಗಿನ ಕಡೆ ಮಾತ್ರ ಜಾರಬೇಕು, ನೀರಿನ ಕಡೆ ಕಾಲಿಟ್ರೆ ಒಗೆಯಲ್ಲ ಅಂತ ಅಕ್ಕ ಆಣೆ ಹಾಕಿಸ್ಕಂಡಿದ್ಲು."

ಅದು ಮೋಹನ್‌ಕುಮಾರ್ ಎರಡು ವರ್ಷದ ಹಿಂದೆ ತೋಡಿಸಿದ ಕೃಷಿ ಹೊಂಡ. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಸು, ನಡುವೆ ಎರಡಾಳು ನೀರು. ಜಾರಿದವರಿಗೆ ಹಿಡಿದುಕೊಳ್ಳಲು ಒಂದು ಬೇರೂ ಸಿಗುವುದಿಲ್ಲ. ಸುತ್ತ ಬೇಲಿ ಹಾಕಿಸಬೇಕೆಂದು ಅವನು ಹೇಳುತ್ತಲೇ ಇದ್ದ. ಹೇಳುತ್ತಲೇ ಇದ್ದಾನೆ.

*

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಅನುಸೂಯ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

"ಕುಂತ್ಕ ಬಾರವ್ವ. ಒಂದು ಮಾತು ಐತೆ. ಹುಡುಗಿ ವಿಷಯ."

"ನಾಳೆ ಹೇಳತ್ತೆ. ಕಾಲು ಬಿದ್ದು ಹೋಗ್ತಾವೆ."

"ಹೊಡೆಯಲ್ಲ ಅಂತ ಮಾತು ಕೊಟ್ರೆ ಈಗ್ಲೇ ಹೇಳ್ತೀನಿ."

ಅದೇ ಅನುಸೂಯಳಿಗೆ ಚುಚ್ಚಿದ್ದು. "ನನ್ನ ಮಗಳು ಅತ್ತೆ. ಹೊಡೀತೀನಿ, ಬಿಡ್ತೀನಿ. ಅದಕ್ಕೂ ನಿಮಗೆ ಮಾತು ಕೊಡಬೇಕಾ?"

ನಿಂಗಕ್ಕ ಎದೆ ನೀವಿಕೊಂಡಳು. ಜಗಳ ಅವಳಿಗೆ ಬರುತ್ತಿರಲಿಲ್ಲ. "ಆಯ್ತು ಬಿಡು, ನಾಳೆನೇ ಹೇಳ್ತೀನಿ. ಅವಳ್ನ ಮಾತ್ರ ತೋಟದ ಕಡೆ ಬಿಡಬ್ಯಾಡ."

ಆ ಮಾತು ಅನುಸೂಯಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳು ಮುಖ ತೊಳೆಯಲು ಬಚ್ಚಲಿಗೆ ಹೋದಳು.

*

ಹೆಣಕ್ಕೆ ಹಸಿರು ಸೀರೆ ಉಡಿಸಿ ಚಟ್ಟಕ್ಕೆ ತಂದರು. ತಮಟೆ ಜೋರಾಯಿತು. ಅನುಸೂಯ ಮಾತ್ರ ಅಂಗಳದಲ್ಲಿದ್ದ ಮಕ್ಕಳ ತಲೆಗಳನ್ನು ಹುಡುಕುತ್ತಿದ್ದಳು. ಶಿವು ಬೇವಿನ ಮರದ ಬುಡದಲ್ಲಿ ಒಬ್ಬನೇ ಕೂತಿದ್ದ.

"ಮೌನಿ ಎಲ್ಲೋ?"

ಶಿವು ನೆಲ ನೋಡಿದ. "ಅಂಗಿ ಎತ್ಕಂಡು ಹೋದ್ಲು. ನನ್ನ ಬರಬ್ಯಾಡ ಅಂದ್ಲು."

ಅನುಸೂಯ ಹಿತ್ತಲಿಗೆ ಓಡಿದಳು. ಒಗೆಯುವ ಕಲ್ಲು ಬರಿದಾಗಿತ್ತು. ಅಂಗಿ ಬಿದ್ದಿದ್ದ ಜಾಗದಲ್ಲಿ ಲೋಳೆಲೋಳೆಯಾದ ಹಸಿರು ಅಂಟಿಕೊಂಡಿತ್ತು.

"ಸೊಸೆ ಇಲ್ದೆ ಹೆಣ ಎತ್ತಂಗಿಲ್ಲ, ಬಾರವ್ವ," ಎನ್ನುತ್ತಾ ಹಿಂದೆಯೇ ಬಂದ ಈರಕ್ಕ ಕಲ್ಲು ನೋಡಿ ಅಲ್ಲೇ ನಿಂತಳು. ಬಗ್ಗಿ ಆ ಹಸಿರನ್ನು ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದಳು.

"ಇದು ಹುಲ್ಲಿಂದಲ್ಲ. ಹುಲ್ಲಿನ ಕಲೆ ಬಟ್ಟೆ ಬಿಟ್ಟು ಕಲ್ಲಿಗೆ ಹತ್ತಲ್ಲ. ಈ ಹಸಿರು ಬೇರೆ ಕಣೇ. ಪಾಚಿ."

ಅನುಸೂಯ ತಾನೂ ಆ ಹಸಿರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನಿನ್ನೆ ಮಧ್ಯಾಹ್ನ ಅಕ್ಕ ಎದೆನೋವು ಅಂತ ಬಾಗಿಲು ಮುಂದೆ ಮಾಡ್ಕಂಡು ಮಲಗಿದ್ಲು," ಈರಕ್ಕ ತನಗೆ ತಾನೇ ಹೇಳಿಕೊಳ್ಳುವವಳಂತೆ ನಿಧಾನವಾಗಿ ಹೇಳಿದಳು. "ಒಗೆಯೋಳು ಮಲಗಿದ್ರೆ ಹುಡುಗಿ ಏನ್ ಮಾಡೀತು? ತಾನೇ ಒಗೆಯಾಣ ಅಂತ ನೀರಿಗೆ ಇಳಿದೈತೆ. ಜಾರಿ ಎದ್ದು ಬಂದೈತೆ."

ನಿನ್ನೆ ಒಗೆಯುವವಳು ಮಲಗಿದ್ದಳು, ಇವತ್ತು ಚಟ್ಟದ ಮೇಲಿದ್ದಾಳೆ. ಎಲ್ಲ ಮುಗೀಲಿ ಅಂತ ಮಗುವಿಗೆ ಗಡುವು ಕೊಟ್ಟವಳು ತಾನೇ. ಗಡುವಿನೊಳಗೆ ಅಂಗಿ ಬೆಳ್ಳಗಾಗಬೇಕು.

ಅನುಸೂಯ ಓಡಿದಳು. "ಹುಡುಗಿ ಹೊಂಡಕ್ಕೆ ಹೋಗೈತೆ," ಎಂದು ಅಂಗಳ ದಾಟುವಾಗ ಕೂಗಿದ್ದು ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹೆಣ ಎತ್ತುವ ಹೊತ್ತಿನಲ್ಲಿ ಸೊಸೆ ಎತ್ತ ಹೊರಟಳೆಂದು ನಾಲ್ಕು ಜನ ತಿರುಗಿ ನೋಡಿದರು. ಮೋಹನ್‌ಕುಮಾರ್ ಕೆಂಡದ ಮಡಕೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ. ಮಡಕೆ ಹಿಡಿದ ಮಗ ಹಿಂದೆ ತಿರುಗಿ ನೋಡಬಾರದು. ಅವನು ನೋಡಲಿಲ್ಲ.

ತೋಟ ಊರಿನ ಒಂದು ಕಡೆ, ಮಣ್ಣು ಮಾಡುವ ಹಳ್ಳದ ದಂಡೆ ಇನ್ನೊಂದು ಕಡೆ. ಅವಳು ಓಡಿದಷ್ಟೂ ತಮಟೆಯ ಸದ್ದು ದೂರವಾಯಿತು. ತೆಂಗಿನ ಸಾಲು ದಾಟಿ ಏರಿಯ ಬುಡಕ್ಕೆ ಬಂದಾಗ ಹುಲ್ಲಿನ ಮೇಲೆ ಮಟ್ಟೆ ಜಾರಿದ ಜಾಡುಗಳು ಮೇಲಿನಿಂದ ಕೆಳಗಿನವರೆಗೆ ಕಂಡವು. ಮಕ್ಕಳು ಯಾರೂ ಇರಲಿಲ್ಲ. ಹುಲ್ಲು ಹಿಡಿದು, ಮಂಡಿಯೂರಿ ಹತ್ತಿದಳು.

ಮೌನಿಕಾ ಇದ್ದಳು. ಎರಡು ಮಾರು ಕೆಳಗೆ, ಪ್ಲಾಸ್ಟಿಕ್ಕಿನ ಮೇಲೆ ನೀರಿನ ಅಂಚಿನಲ್ಲಿ, ಪಾದ ಮುಳುಗಿಸಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಅಂಗಿಯ ಬೆನ್ನಿಗೆ ನಿಂಬೆಹಣ್ಣಿನ ಹೋಳು ತಿಕ್ಕುತ್ತಿದ್ದಳು. ಜೀವ ಬಂದಂತಾಗಿ ಅನುಸೂಯಳ ಕೈ ತಾನಾಗಿ ಮೇಲೆದ್ದಿತು.

"ಲೇ ಮೌನಿ."

ಮಗು ತಿರುಗಿತು. ಎತ್ತಿದ ಕೈಯನ್ನು ಕಂಡು ಅಂಗಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಎದ್ದು, ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿತು. ನೀರು ಮಂಡಿಗೆ ಬಂತು.

ಅನುಸೂಯ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಇಳಿದು ಹಿಡಿಯೋಣವೆಂದರೆ ಪಾಚಿ ಕಟ್ಟಿದ ಹಾಸು ಕಾಲು ನಿಲ್ಲಗೊಡದು, ತಾನು ಜಾರಿದರೆ ಮಗುವಿನ ಮೇಲೆಯೇ ಹೋಗಿ ಬೀಳುತ್ತಾಳೆ. ಕೂಗಿದರೆ ಕೇಳುವವರಿಲ್ಲ. ಎತ್ತಿದ ಕೈ ಇಳಿಸಿ, ಮಗು ಹೆದರದಿರಲೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬಾ ಕಂದ, ಮೇಲೆ ಬಾ."

"ಹಿಂದೆ ಏನ್ ಹಿಡ್ಕಂಡಿದೀಯ?"

"ಏನೂ ಇಲ್ಲ ಕಣವ್ವ."

"ಬರಲು ಐತೆ," ಎಂದಳು ಮೌನಿಕಾ. ಇನ್ನೊಂದು ಹೆಜ್ಜೆ ಹಿಂದೆ ಹೋದಳು. ನೀರು ಸೊಂಟಕ್ಕೆ ಬಂತು, ಫ್ರಾಕು ಅವಳ ಸುತ್ತ ಉಬ್ಬಿ ತೇಲಿತು.

ಅನುಸೂಯ ಏರಿಯ ಮೇಲೆ ಕೂತಳು. ಹಿಮ್ಮಡಿಗಳನ್ನು ಮಣ್ಣಿಗೆ ಊರಿದಳು. ಕೈಗಳನ್ನು ನಿಧಾನವಾಗಿ ಮುಂದಕ್ಕೆ ತಂದು, ಮಗಳಿಗೆ ಕಾಣುವಂತೆ ಬಿಚ್ಚಿ ಚಾಚಿದಳು. ಅತ್ತೆಯ ಮೈಗೆ ಹಚ್ಚಿದ ಅರಿಶಿನ ಎರಡೂ ಅಂಗೈಗಳಿಗೆ ಮೆತ್ತಿಕೊಂಡಿತ್ತು.

"ಹೊಡೆಯಲ್ಲ," ಎಂದಳು. ಇನ್ನೊಮ್ಮೆ ಹೇಳಿದಳು. "ಹೊಡೆಯಲ್ಲ ಮೌನಿ. ತಾ, ನಾನು ಒಗೀತೀನಿ."

ಮೌನಿಕಾ ಆ ಹಳದಿ ಕೈಗಳನ್ನು ಬಹಳ ಹೊತ್ತು ನೋಡಿದಳು. ಒಂದು ಕೈ ನೋಡಿ, ಇನ್ನೊಂದು ಕೈ ನೋಡಿ, ಮತ್ತೆ ಮೊದಲನೆಯದನ್ನು ನೋಡಿದಳು. ಆಮೇಲೆ ಒದ್ದೆ ಅಂಗಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಗ್ಗಿ ಎರಡೂ ಅಂಗೈ ಊರಿ, ನೀರಿನೊಳಗಿಂದ ಬಲಗಾಲನ್ನು ಎತ್ತಿ ಪಾಚಿಯ ಮೇಲೆ ಇಟ್ಟಳು.