ಎಡಗೈ ಗಂಟಿನ ಫೋಟೋ

ಹಡಗು ಬಂದು ಕೂತ ಮೂರನೆಯ ದಿನಕ್ಕೆ ನಮ್ಮೂರಲ್ಲಿ ಅದರ ಫೋಟೋ ತೆಗೆಯದೆ ಉಳಿದವಳು ನಾನೊಬ್ಬಳೇ. ಉಪ್ಪುಂದದಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟುಡಿಯೋ ನಡೆಸುವವಳು ನಾನು. ಮೊಬೈಲು ಹಿಡಿದು ಮಡಿಕಲ್ ದಡಕ್ಕೆ ಓಡುವವರು ಉಳಿದವರೆಲ್ಲ. ಬೈಂದೂರಿಂದ, ಕುಂದಾಪುರದಿಂದ ಕಾರು ಮಾಡಿಕೊಂಡು ಬಂದರು. ಬ್ರಹ್ಮಾವರದಿಂದ ಮದುವೆ ನಿಶ್ಚಯವಾದ ಜೋಡಿಯೊಂದು ಬಂದು, ಹಡಗಿನ ಮುಂದೆ ನಿಲ್ಲುತ್ತೇವೆ, ಫೋಟೋ ತೆಗೆಯಿರಿ ವನಜಕ್ಕ ಎಂದಿತು. ಆಗುವುದಿಲ್ಲ ಅಂದೆ. ನನಗೆ ಆ ಹಡಗು ಕಂಡರೆ ಮೈ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಅದು ದಡ ಹತ್ತಿದ ಬಿರುಗಾಳಿಯಲ್ಲೇ ನನ್ನ ತಮ್ಮ ಕಿಟ್ಟನ ದೋಣಿ ಹೋಯಿತು. ಎಂಟು ಜನರ ಪಾಲಿನ ದೋಣಿ, ಕಿಟ್ಟ ಅದರ ತಾಂಡೇಲ. ಕಡಲಿಗಿಳಿದ ಮೇಲೆ ತಾಂಡೇಲ ಹೇಳಿದ್ದೇ ಮಾತು. ಬಂದರಿನಲ್ಲಿ ಜಾಗವಿಲ್ಲದೆ ದೋಣಿಯನ್ನು ದಡದಾಚೆ ಲಂಗರು ಹಾಕಿ ನಿಲ್ಲಿಸಿದ್ದರು. ಲಂಗರಿನ ಬಳೆಗೆ ಹಗ್ಗ ಕಟ್ಟಿದವನು ಕಿಟ್ಟನೇ. ಬೆಳಗಾಗಿ ನೋಡಿದರೆ ದೋಣಿ ತೆಂಕಣ ಬಂಡೆಗಳ ಮೇಲೆ ಚೂರುಚೂರು. ಹಗ್ಗವಿದ್ದ ಮುಂಭಾಗ ಸಿಗಲಿಲ್ಲ, ಲಂಗರೂ ಸಿಗಲಿಲ್ಲ. ಇಂಜಿನ್ ಕೆಟ್ಟು ಗಾಳಿಗೆ ಸಿಕ್ಕ ಹಡಗು ಮಾತ್ರ ಬಾಲವನ್ನು ಕಡಲಿಗೆ ಮಾಡಿ ಮರಳಿನಲ್ಲಿ ಆರಾಮಾಗಿ ಕೂತಿತ್ತು.

ಪಾಲುದಾರರಲ್ಲಿ ಹಿರಿಯರು ಗಣಪಣ್ಣ. ಅವರು ಹೆಚ್ಚು ಯೋಚಿಸಲಿಲ್ಲ. "ಗಂಟ್ ಬಿಚ್ಕಂಡ್ ಹೋಯ್ತ್. ಎಡ್ಚನ ಗಂಟ್ ಅಲ್ದಾ," ಅಂದರು.

ಕಿಟ್ಟ ಎಡಚ. ಎಲ್ಲರೂ ಹಗ್ಗವನ್ನು ಬಲಕ್ಕೆ ಸುತ್ತಿದರೆ ಅವನ ಕೈ ಎಡಕ್ಕೆ ಸುತ್ತುತ್ತದೆ. ಅವನ ಗಂಟನ್ನು ಕುರುಡರೂ ಮುಟ್ಟಿ ಗುರುತಿಸಬಹುದು. ಇಷ್ಟು ವರ್ಷ ಅದು ತಮಾಷೆಯ ಮಾತಾಗಿತ್ತು, ಈಗ ಅದೇ ಅಪರಾಧವಾಯಿತು. ಹೊಸ ದೋಣಿ ಬಂದರೂ ಕಿಟ್ಟ ತಾಂಡೇಲ ಆಗುವುದು ಬೇಡ ಎಂದು ಏಳೂ ಜನ ತೀರ್ಮಾನಿಸಿದರು.

ಅವನ ಹೆಂಡತಿ ಉಮಾವತಿ ಫೋನ್ ಮಾಡಿ ಕರೆದಳೆಂದು ಹೋದೆ. ಜಗಲಿಯಲ್ಲಿ ಕೂತಿದ್ದ, ಗಡ್ಡ ಬೆಳೆದಿತ್ತು. ತಲೆ ಎತ್ತದೆ ಕೇಳಿದ: "ಅಕ್ಕ, ನಾ ಸಮ ಕಟ್ಟಿದ್ನಾ? ನಂಗೇ ನೆನಪ್ ಬತ್ತಿಲ್ಲ."

ಮೂವತ್ತೊಂಬತ್ತು ವರ್ಷದ ಗಂಡಸು, ಹದಿನಾರರಿಂದ ಕಡಲಲ್ಲಿ ಇದ್ದವನು. ಊರು ಬೈದದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ, ಅದರ ಬಾಯಿ ಇರುವುದೇ ಅದಕ್ಕೆ. ಇವನು ತನ್ನ ಕೈಯನ್ನೇ ನಂಬದೆ ಹೋದನಲ್ಲ, ಅದು ದೊಡ್ಡದಾಗಿ ಕಂಡಿತು. ಅತ್ತರೆ ಅವನೂ ಅಳುತ್ತಾನೆಂದು ಬೈದು ಬಂದೆ.

ಆ ದಿನವೇ ಸುಜನ್‌ನ ಸೆಲ್ಫಿ ಊರಿನ ವಾಟ್ಸಾಪಿನಲ್ಲಿ ಓಡಾಡತೊಡಗಿತು. ಸುಜನ್ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವನು, ಹಿಂದಿನ ದಿನ ಸಣ್ಣ ದೋಣಿಯಲ್ಲಿ ಹಡಗಿನ ಹಿಂಬದಿಗೆ ಹೋಗಿ ಹಲ್ಲು ಕಿಸಿದು ತೆಗೆದುಕೊಂಡಿದ್ದ. ಅವನ ಕಿವಿಯ ಹಿಂದೆ, ಹಡಗಿನ ಚುಕ್ಕಾಣಿಗೆ ಸಿಕ್ಕಿಕೊಂಡು ಒಂದು ಲಂಗರು ನೇತಾಡುತ್ತಿತ್ತು. ಬಳೆಯಲ್ಲಿ ತುಂಡಾದ ಹಗ್ಗ, ಗಂಟು ಗಟ್ಟಿಯಾಗಿಯೇ ಇತ್ತು. ಹಡಗು ಯಾವುದೋ ದೋಣಿಯ ಹಗ್ಗ ಹರಿದು ಲಂಗರನ್ನು ಎಳೆದುಕೊಂಡು ಬಂದದ್ದು ಸ್ಪಷ್ಟ. ಕಿಟ್ಟನದೇ ಇರಬಹುದೇ ಎಂದು ಯಾರೋ ಕೇಳಿದರು. ಗಣಪಣ್ಣ ದೊಡ್ಡದು ಮಾಡಿ ನೋಡಿದರು. ಸುತ್ತು ಬಲಕ್ಕಿತ್ತು. ಬೇರೆ ಯಾರದ್ದೋ, ಅಂದರು. ಕಿಟ್ಟನೂ ನೋಡಿ ನನ್ನದಲ್ಲ ಎಂದನಂತೆ.

ನಾನು ನೋಡಿದ್ದು ಗಂಟನ್ನಲ್ಲ, ಸುಜನ್‌ನ ಅಂಗಿಯನ್ನು. ಅಂಗಿಯ ಕಿಸೆ ಅವನ ಬಲ ಎದೆಯ ಮೇಲಿತ್ತು. ಇಪ್ಪತ್ತಾರು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದವಳಿಗೆ ಗಂಡಸರ ಕಿಸೆ ಎಡ ಎದೆಯ ಮೇಲಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೆಲ್ಫಿ ಕನ್ನಡಿಯ ಹಾಗೆ ಎಡಬಲ ತಿರುಗಿಸಿತ್ತು! ಕಂಪ್ಯೂಟರಿಗೆ ಹಾಕಿ ತಿರುಗಿಸಿದೆ. ಕಿಸೆ ಎಡಕ್ಕೆ ಬಂತು, ಗಂಟಿನ ಸುತ್ತೂ ಎಡಕ್ಕೆ ಬಂತು. ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲದೆ ಗಣಪಣ್ಣನ ಮನೆಗೆ ಹೋದೆ.

ಅವರು ಬಲೆ ಸರಿಮಾಡುತ್ತಿದ್ದರು. ಎರಡೂ ಫೋಟೋ ನೋಡಿ ಹಿಂದೆ ಕೊಟ್ಟರು.

"ನೀನ್ ಕಂಪ್ಯೂಟರಂಗೆ ಎಂತ ಬೇಕಾರೂ ಮಾಡ್ತಿ. ಸತ್ತ್ ಹೋದ ನನ್ನಪ್ಪಯ್ಯನ್ನೇ ಮಗ್ಳ್ ಮದಿ ಫೋಟೋದಗೆ ನಿಲ್ಸಿದವ್ಳ್ ಅಲ್ದಾ ನೀನ್?"

ತಲೆಯೆತ್ತಿದರೆ ಗೋಡೆಯಲ್ಲಿ ಅದೇ ಫೋಟೋ. ಮದುವೆಗೆ ನಾಲ್ಕು ವರ್ಷ ಮೊದಲೇ ತೀರಿಕೊಂಡ ಅಜ್ಜ ಜರಿ ಶಾಲು ಹೊದ್ದು ಮೊಮ್ಮಗಳ ಪಕ್ಕ ನಗುತ್ತಿದ್ದರು. ಶಾಲೂ ನಾನೇ ಹೊದಿಸಿದ್ದು. ಹಾಗೆಂದು ಬಿಡುವ ಜಾತಿಯವಳಲ್ಲ ನಾನು.

"ಹಾಂಗಾರೆ ನೀವೇ ಬನ್ನಿ ಗಣಪಣ್ಣ. ನಿಮ್ಮ್ ದೋಣಿಯಂಗೆ ಹೋಪ. ನಿಮ್ಮ್ ಎದ್ರೇ ಫೋಟೋ ತೆಗಿತೆ. ನಾಳಿ ಸಂಜಿಗೆ ನೀರ್ ಏರೂಕೂ ಹಡ್ಗ್ ಎಳ್ಕಂಡ್ ಹೋತ್ರಂಬ್ರ್."

"ನಿಂಗ್ ಈಜೂಕೆ ಬತ್ತಾ?"

"ಇಲ್ಲ. ನಿಮ್ಗ್ ಬತ್ತ್ ಅಲ್ದಾ, ಸಾಕ್."

ಅವರು ಬಲೆ ಕೆಳಗಿಟ್ಟರು. "ಅಕ್ಕ್, ಹೋಪ. ಸುಳ್ಳಾದ್ರೆ ನೀನ್ ಊರ್ ಮುಂದೆ ತಪ್ಪ್ ಒಪ್ಕಣ್ಕ್," ಅಂದರು.

ಮರುದಿನ ಹನ್ನೊಂದಕ್ಕೆ, ನೀರು ಪೂರ್ತಿ ಇಳಿದಾಗ ಹೊರಟೆವು. ದಡದ ಕಡೆ ಪೊಲೀಸರು ಹಗ್ಗ ಕಟ್ಟಿದ್ದರಿಂದ ಉತ್ತರದಿಂದ ಸುತ್ತಿ ಹೋಗಬೇಕಿತ್ತು. ಗಾಳಿ ನಿಂತಿದ್ದರೂ ಕಡಲಿನ ಸಿಟ್ಟು ಇಳಿದಿರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದವಳು ನಾನು ಎಂದು ಜಂಬ ಕೊಚ್ಚುವುದೆಲ್ಲ ದಡದಲ್ಲಿ ಮಾತ್ರ. ಎರಡು ಸಲ ವಾಂತಿ ಮಾಡಿಕೊಂಡೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ತಿರುಗೋಣ ಎಂಬ ಮಾತು ಮಾತ್ರ ಬಾಯಿಂದ ಬೀಳದ ಹಾಗೆ ನೋಡಿಕೊಂಡೆ.

ಹಡಗಿನ ಹಿಂಭಾಗ ನಮ್ಮ ತಲೆಯ ಮೇಲೆ ಗೋಡೆಯ ಹಾಗೆ ಬಂತು. ಲಂಗರು ಅಲ್ಲೇ ಇತ್ತು. ಗಣಪಣ್ಣ ಇಂಜಿನ್ ತಗ್ಗಿಸಿ ಹತ್ತಿರ ಒಯ್ದು ಗಂಟನ್ನು ನೋಡಿದರು. ತುಂಬ ಹೊತ್ತು ನೋಡಿದರು. ಎಡಕ್ಕೆ ಸುತ್ತಿದ ಹಗ್ಗ, ಬಿಗಿಯಾಗಿ ಒಂದರ ಪಕ್ಕ ಒಂದು ಕೂತಿತ್ತು. ಹರಿದದ್ದು ಗಂಟಿನಿಂದ ಒಂದು ಮಾರು ಆಚೆ.

"ಕಂಡೆ. ಹೋಪ," ಅಂದರು.

ನಾನು ಕ್ಲಿಕ್ ಮಾಡುತ್ತಲೇ ಇದ್ದೆ. ದೋಣಿ ಏರಿ ಇಳಿದು ಒಂದೂ ಸರಿ ಬರಲಿಲ್ಲ. ಹಡಗಿನ ನೆರಳು ಬೇರೆ. "ಫೋಟೋ ಆಯ್ಲಿಲ್ಲ," ಅಂದೆ.

"ನಾ ಕಂಡೆ ಅಲ್ದಾ ಮಾರಾಯ್ತಿ. ನಾನೇ ಎಲ್ರಿಗೂ ಹೇಳ್ತೆ. ಇನ್ ಫೋಟೋ ಎಂತಕೆ?"

"ನೀವ್ ಹೇಳ್ದ್ರೆ ಊರ್ ನಂಬುತ್ತ್. ಕಿಟ್ಟ ನಂಬೂದಿಲ್ಲ. ಪಾಪ ಅಂದ್ಕಂಡ್ ಹೇಳ್ತ್ರ್ ಅಂತ ಎಣ್ಸ್ತ. ಫೋಟೋ ನಿಮ್ಗಲ್ಲ, ಅವ್ನಿಗೆ. ಗಂಟಿನ್ ಮೇಲ್ ಕೈ ಇಡಿ."

ಗಣಪಣ್ಣನ ಬಲಗೈಗೆ ಕಿರುಬೆರಳಿಲ್ಲ, ಹಿಂದೆಂದೋ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿ ಹೋದದ್ದು. ಅಂಥ ಕೈ ಊರಲ್ಲಿ ಇರುವುದು ಒಂದೇ, ಫೋಟೋ ತಿರುಗಿಸಿದರೆ ಅದು ಎಡಗೈಯಾಗಿಬಿಡುತ್ತದೆ. ಯಾವ ಕಂಪ್ಯೂಟರಿನ ಮೇಲೂ ಗೂಬೆ ಕೂರಿಸುವ ಹಾಗಿಲ್ಲ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಅರವತ್ತೆಂಟರ ಆ ಮನುಷ್ಯ ಎದ್ದು, ಎಡಗೈಯಲ್ಲಿ ಚುಕ್ಕಾಣಿ ಹಿಡಿದು ದೋಣಿಯನ್ನು ತಡೆದು, ಬಲಗೈಯನ್ನು ಗಂಟಿನ ಪಕ್ಕಕ್ಕಿಟ್ಟರು. ಅಲೆಯೊಂದು ಬಂದು ಇಬ್ಬರನ್ನೂ ತೋಯಿಸಿತು. ಅವರು ಕೈ ತೆಗೆಯಲಿಲ್ಲ, ನಾನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಹನ್ನೆರಡನೆಯದು ಸರಿ ಬಂತು.

ದೊಡ್ಡ ಅಳತೆಯಲ್ಲಿ ಪ್ರಿಂಟ್ ತೆಗೆದೆ. ಒಂದು ಚುಕ್ಕೆಯನ್ನೂ ತಿದ್ದಲಿಲ್ಲ, ಕತ್ತಲೆ ಇದ್ದಲ್ಲಿ ಕತ್ತಲೆಯೇ ಇರಲಿ ಎಂದು ಬಿಟ್ಟೆ. ಗಣಪಣ್ಣ ಒದ್ದೆ ಪಂಚೆಯಲ್ಲೇ ಸ್ಟುಡಿಯೋದ ಬಾಗಿಲಲ್ಲಿ ಕಾದು, ನನ್ನ ಜೊತೆ ಕಿಟ್ಟನ ಮನೆಗೆ ಬಂದರು. ಅಂಗಳದಲ್ಲೇ ನಿಂತು, "ತಪ್ಪಾಯ್ತ್ ಕಿಟ್ಟ," ಅಂದರು.

ಕಿಟ್ಟ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಹಗ್ಗದ ಸುತ್ತಿನ ಮೇಲೆ ಎಡಗೈಯ ಬೆರಳನ್ನು ನಿಧಾನವಾಗಿ ಓಡಿಸಿದ. ಮೊದಲ ಸುತ್ತು, ಎರಡನೆಯದು, ಅಲ್ಲಿಂದ ಒಳಗೆ, ಮತ್ತೆ ಹೊರಗೆ. ಬೆರಳು ಎಲ್ಲೂ ತಡೆಯಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ. ನನಗೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅವನು ಎದ್ದು ನಿಂತ. ನಾಲ್ಕು ದಿನದಲ್ಲಿ ಮೊದಲ ಸಲ ಎದುರಿಗಿದ್ದವರ ಮುಖ ನೋಡಿ ಮಾತಾಡಿದ.

"ಗಣಪಣ್ಣ, ನಾ ಸಮ ಕಟ್ಟಿದ್ದೆ."

"ಹೌದ್, ತಾಂಡೇಲ," ಅಂದರು ಗಣಪಣ್ಣ.