ಹೊಗೆ ಬಾರದ ಕೋಣೆ

“ಎಳೆಮಗೂಗೆ ಹಾಲು ಕುಡಿಸ್ತಿದ್ದೀಯೇನೆ? ತಳ್ಳು ಒಳಕ್ಕೆ. ಮುಂಡೇದು, ತೋಳಲ್ಲಿ ಜೀವಾನೇ ಇಲ್ಲ.”

ಬೆನ್ನ ಹಿಂದೆ ಇಟ್ಟಿಗೆ ಗೂಡಿನ ಯಜಮಾನ ನಿಂತಿದ್ದ. ನಾನು ತಿರುಗಲಿಲ್ಲ. ಗೂಡಿನ ಬಾಯಿಗೆ ಇನ್ನೊಂದು ದಿಮ್ಮಿ ತಳ್ಳಿದೆ.

ಗೂಡಿಗೆ ಒಮ್ಮೆ ಬೆಂಕಿ ಕೊಟ್ಟರೆ ಇಟ್ಟಿಗೆ ಬೇಯುವವರೆಗೂ ಅದು ಇಳಿಯಬಾರದು. ನಡುವೆ ಇಳಿದರೆ ಒಳಗಿರುವುದೆಲ್ಲ ಅರೆಬೆಂದು, ಯಾರಿಗೂ ಬೇಡವಾಗುತ್ತದೆ. ಹೋದ ಸಲ ಬೆಂಕಿ ಏರಿದ್ದಾಗಲೇ ಮೈದುನ, ಓರಗಿತ್ತಿ ಗಂಟುಮೂಟೆ ಕಟ್ಟಿ ಓಡಿಹೋದರು. ನಾನು ಹೋಗಲಿಲ್ಲ. ಬೆಂಕಿ ದೇವರು, ಕಾಯ್ದವರ ಕೈ ಬಿಡುವುದಿಲ್ಲ ಎಂದು ಯಜಮಾನ ಹೇಳುತ್ತಿದ್ದ. ನಂಬಿದ್ದೆ. ಅವರಿಬ್ಬರ ಕೆಲಸವನ್ನೂ ನಾನೇ ಎಳೆದೆ. ಹುಬ್ಬು ಸುಟ್ಟುಹೋಯಿತು, ಮತ್ತೆ ಬೆಳೆಯಲಿಲ್ಲ.

ಈಗ ಅವರು ಮರಳಿ ಬಂದಿದ್ದಾರೆ. ಯಜಮಾನನೇ ಗಾಡಿ ಕಳಿಸಿ ಕರೆಸಿಕೊಂಡ. ಗಾಳಿ ಬರುವ ಕಡೆ ಹೊಸದಾಗಿ ಕಟ್ಟಿದ ಕೋಣೆಯನ್ನು, ಹೊಗೆ ಬಾರದ ಆ ಒಂದೇ ಕೋಣೆಯನ್ನು, ಅವರಿಗೆ ಕೊಟ್ಟ. ನನ್ನ ಗಂಡನ ಎದೆ ಹೊಗೆ ಕುಡಿದು ಕುಡಿದು ತೂತುಬಿದ್ದ ಕುಲುಮೆಯ ತಿದಿಯಂತಾಗಿದೆ. ಗುಡಿಸಲಲ್ಲಿ ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಾನೆ. ಆ ಕೋಣೆಯ ಗೋಡೆ ಏಳುವಾಗಲೇ ಅವನ ಚಾಪೆ ಯಾವ ಮೂಲೆಗೆ ಎಂದು ಮನಸ್ಸಿನಲ್ಲಿ ಹಾಸಿಟ್ಟಿದ್ದೆ.

ಓರಗಿತ್ತಿ ಕಿಟಕಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

“ಅಕ್ಕಾ, ಭಾವನ್ನ ಕರ್ಕೊಂಡು ಬಾ. ಸ್ವಲ್ಪ ಹೊತ್ತು ಇಲ್ಲಿ ಮಲಗ್ಲಿ.”

“ನಿನ್ನ ಅರಮನೇಲಿ ನೀನೇ ಬಿದ್ಕೋ. ನಮಗೆ ಹೊಗೆ ರೂಢಿ.”

ಅವಳು ಕಿಟಕಿಯಿಂದ ಸರಿದಳು. ಬಾಗಿಲು ಹಾಕಿ ಒಳಗಿನಿಂದ ಚಿಲಕ ಎಳೆದ ಸದ್ದು ಕೇಳಿತು. ನಮ್ಮ ಗುಡಿಸಲಿಗೆ ಬಾಗಿಲ ಬದಲು ಇರುವುದು ಗೋಣಿ. ಆ ಕೋಣೆ ಅವಳ ತಲೆಯ ಮೇಲೇ ಕುಸಿಯಲಿ ದೇವರೇ ಎಂದೆ. ಕುಸಿದರೆ ನಮಗೂ ಸಿಗುವುದಿಲ್ಲವಲ್ಲ ಎಂದು ಬೇಡಿದ್ದನ್ನು ವಾಪಸು ತೆಗೆದುಕೊಂಡೆ.

ಯಜಮಾನ ಮತ್ತೆ ಗೂಡಿನ ಕಡೆ ಬಂದಾಗ ಕೇಳಿಯೇಬಿಟ್ಟೆ.

“ಯಜಮಾನ್ರೇ, ಓಡಿಹೋದೋರಿಗೆ ಕೋಣೆ. ಬೆಂಕಿ ಕಾಯ್ದೋಳಿಗೆ?”

“ಕಾಯ್ದೆ, ಸರಿ. ಮಾಡ್ಬೇಕಾದ್ದು ಮಾಡ್ದೆ. ಅದಕ್ಕೇನು ಮೆರವಣಿಗೆ ಮಾಡಿಸ್ಲಾ? ದೇವ್ರ ಕೆಲ್ಸ ಮಾಡಿ ಯಾರಾದ್ರೂ ಕೈ ಚಾಚ್ತಾರೇನೆ?”

“ಅವ್ಳೇನು ಮಾಡಿದ್ಲು ಅಂತ ಕೊಟ್ರಿ?”

ಅವನು ನಕ್ಕ. “ಅವಳು ಓಡಿಹೋಗೋಳು ಕಣೆ. ಹಿಡಿದಿಟ್ಕೋಬೇಕು. ನೀನೆಲ್ಲಿಗೆ ಹೋಗ್ತೀಯ?”

ಹೇಳಿ ನಡೆದ. ಆ ಮಾತಿನಲ್ಲಿ ಒಂದು ಬೈಗುಳವೂ ಇರಲಿಲ್ಲ. ಕಟ್ಟಿದ ದನದ ಮೈ ತಟ್ಟುವವನ ಹಾಗೆ, ಅಕ್ಕರೆಯಿಂದಲೇ ಹೇಳಿದ್ದ.

ಕೈಲಿದ್ದ ದಿಮ್ಮಿಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತೆ.

ಗೂಡಿನ ಬಾಯಲ್ಲಿ ಬಿಳುಪಾಗಿ ಉರಿಯುತ್ತಿದ್ದದ್ದು ನಿಧಾನವಾಗಿ ಹಳದಿಯಾಯಿತು, ಹಳದಿ ಕೆಂಪಾಯಿತು. ಓರಗಿತ್ತಿ ಅದನ್ನು ಕಂಡು ಓಡಿಬಂದು ಸೌದೆಗೆ ಕೈ ಹಾಕಿದಳು.

“ಮುಟ್ಟಿದ್ರೆ ಕೈ ಮುರೀತೀನಿ.”

ಅವಳು ನನ್ನ ಮುಖ ನೋಡಿದಳು. ಸೌದೆ ಬಿಟ್ಟು ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ನಾನು ದಿಮ್ಮಿಯ ಮೇಲೆ ಜಾಗ ಬಿಡಲಿಲ್ಲ.

ಯಜಮಾನ ಬರಿಗಾಲಲ್ಲಿ ಓಡಿಬಂದ.

“ಏ ಬೋಳಿಮಗಳೇ, ಬೆಂಕಿ ಇಳೀತಿದೆ, ಕಣ್ಣು ಕಾಣಲ್ವಾ? ಏಳೇ ಮೇಲೆ.”

“ಯಾರನ್ನ ಕರೀತಿದ್ದೀರಿ?” ಎಂದೆ. “ನಾನು ಓಡಿಹೋಗಿದ್ದೀನಿ ಅಂತ ತಿಳ್ಕೊಳ್ಳಿ, ಯಜಮಾನ್ರೇ.”